ಎರೆಮಣ್ಣಿನ ತಳಪಾಯ ಸಂಶೋಧನೆ

ನೀರು ಕುಡಿದರೆ ಉಬ್ಬಿ, ಒಣಗಿದರೆ ಕುಗ್ಗುವ ಕಪ್ಪು ನೆಲದಲ್ಲಿ ಕಟ್ಟಡ, ಕಾಲುವೆ, ರಸ್ತೆಗಳು ಭದ್ರವಾಗಿ ನಿಲ್ಲುವ ದಾರಿ ಹುಡುಕುವ ಅಧ್ಯಯನ. ಭೂತಾಂತ್ರಿಕ ಎಂಜಿನಿಯರಿಂಗ್‌ನ ಒಂದು ಶಾಖೆ.

ಹಿನ್ನೆಲೆ
ಕರ್ನಾಟಕದ ಹರಪನಹಳ್ಳಿ ತಾಲ್ಲೂಕಿನಲ್ಲಿ ಎರೆಯೂ ಕೆಂಪು ಮಸಾರಿಯೂ ಎರಡೂ ಇವೆ. ಬೇಸಿಗೆಯಲ್ಲಿ ಎರೆಹೊಲ ಕೈ ತೂರುವಷ್ಟು ಬಿರಿಯುತ್ತದೆ. ಮಳೆ ಹಿಡಿದರೆ ಆ ಬಿರುಕುಗಳೆಲ್ಲ ಮುಚ್ಚಿಕೊಳ್ಳುತ್ತವೆ. ಬಿಳಿಜೋಳಕ್ಕೂ ಹತ್ತಿಗೂ ಹೇಳಿಮಾಡಿಸಿದ ಈ ನೆಲ ಗೋಡೆಗೆ ಒಗ್ಗದು. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಖನಿಜದ ಪದರಗಳ ನಡುವೆ ನೀರು ಸೇರಿ ಮಣ್ಣು ಮೇಲೇಳುತ್ತದೆ. ಉಬ್ಬನ್ನು ಅದುಮಿಡುವಷ್ಟು ಭಾರವಿಲ್ಲದ ಸಣ್ಣ ಮನೆಗಳೇ ಹೆಚ್ಚು ಬಿರುಕು ಬಿಡುತ್ತವೆ.

ಬೆಳವಣಿಗೆ
ಕಾರ್ಲ್ ಟೆರ್ಜಾಗಿಯ 1925ರ ಗ್ರಂಥ ಮಣ್ಣಿನ ಬಲವಿಜ್ಞಾನಕ್ಕೆ ಬುನಾದಿ ಹಾಕಿತು. ಭಾರತದಲ್ಲಿ ಈ ವಿಷಯದ ರಾಷ್ಟ್ರೀಯ ಸಂಘ 1948ರಲ್ಲಿ ಹುಟ್ಟಿತು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರೆನೆಲಕ್ಕಾಗಿ ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬಗಳನ್ನು ರೂಪಿಸಿತು. ತೇವ ಏರಿಳಿಯದ ಆಳಕ್ಕೆ ಇಳಿಯುವ ಈ ಕಂಬಗಳು ಮೇಲ್ಮಣ್ಣಿನ ಎಳೆದಾಟಕ್ಕೆ ಜಗ್ಗುವುದಿಲ್ಲ.

ಈ ಸಂಶೋಧನೆಗೆ ಕರ್ನಾಟಕದಲ್ಲಿ ದೊಡ್ಡ ಪ್ರಯೋಗಶಾಲೆಯಾದದ್ದು ಮಲಪ್ರಭಾ ಕಾಲುವೆ. ಎರೆನೆಲದಲ್ಲಿ ಹಾದುಹೋಗುವ ಇಂಥ ಕಾಲುವೆಗಳಲ್ಲಿ ಮಣ್ಣು ಉಬ್ಬಿ ಕಾಂಕ್ರೀಟ್ ಹಾಸನ್ನೇ ಎತ್ತುತ್ತದೆ. ಇದನ್ನು ತಡೆಯಲು ಮುಂಬಯಿ ಐಐಟಿಯ ಪ್ರಾಧ್ಯಾಪಕ ಆರ್. ಕೆ. ಕಟ್ಟಿ ಅವರು ಎರೆಯ ಮೇಲೆ ಅಂಟುಳ್ಳ, ಆದರೆ ಉಬ್ಬದ ಮಣ್ಣಿನ ದಪ್ಪ ಪದರ ಹಾಸಿ ದಮ್ಮಸು ಮಾಡುವ ವಿಧಾನ ರೂಪಿಸಿದರು. ಈ ಪದರ ಕೆಳಗಿನ ಉಬ್ಬನ್ನು ತಡೆಯುತ್ತದೆ. ಕಾಲುವೆ ಹಾಸುಗಳ ಭಾರತೀಯ ಮಾನಕದಲ್ಲೂ ಈ ವಿಧಾನ ಸೇರಿದೆ.

ಪರೀಕ್ಷೆ
ಮಣ್ಣಿನ ಉಬ್ಬುವ ಗುಣ ತಿಳಿಯುವ ಪರೀಕ್ಷೆ ಸರಳ. ಒಣಗಿಸಿ ಜರಡಿ ಹಿಡಿದ 10 ಗ್ರಾಂ ಮಣ್ಣನ್ನು 100 ಮಿಲಿ ಲೀಟರ್ ಗಾಜಿನ ಅಳತೆ ನಳಿಗೆಗೆ ಸುರಿದು ಶುದ್ಧ ನೀರು ತುಂಬಬೇಕು; ಅಷ್ಟೇ ಮಣ್ಣಿನ ಇನ್ನೊಂದು ನಳಿಗೆಗೆ ಸೀಮೆಎಣ್ಣೆ. 24 ಗಂಟೆ ಬಿಟ್ಟು ಎರಡರಲ್ಲೂ ತಳಕ್ಕಿಳಿದ ಮಣ್ಣಿನ ಗಾತ್ರ ನೋಡಬೇಕು. ಕೆಲವು ಮಣ್ಣುಗಳು ಸೀಮೆಎಣ್ಣೆಯಲ್ಲೇ ಹೆಚ್ಚು ಗಾತ್ರ ತೋರುವುದರಿಂದ, ಎರಡು ಗಾತ್ರಗಳ ವ್ಯತ್ಯಾಸವನ್ನು ಆಧರಿಸಿದ ಹಳೆಯ ಸೂಚ್ಯಂಕ ಸೊನ್ನೆಗಿಂತ ಕೆಳಗಿಳಿದು ಗೊಂದಲವಾಗುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ. ಶ್ರೀಧರನ್ ಮತ್ತು ಮೈಸೂರಿನ ಕೆ. ಪ್ರಕಾಶ್ ಅವರು ನೀರಿನಲ್ಲಿನ ಗಾತ್ರಕ್ಕೂ ಸೀಮೆಎಣ್ಣೆಯಲ್ಲಿನ ಗಾತ್ರಕ್ಕೂ ಇರುವ ಅನುಪಾತವನ್ನೇ ಅಳತೆಗೋಲಾಗಿಸಿ ಈ ತೊಡಕು ಬಿಡಿಸಿದರು. ಅನುಪಾತ 1 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಮಣ್ಣು ಉಬ್ಬದು. 2 ದಾಟಿದರೆ ಬಹಳ ಉಬ್ಬುತ್ತದೆ.

ಬಂಡೆಯ ಅಧ್ಯಯನ
ಕೋಲಾರದ ಚಿನ್ನದ ಗಣಿಗಳಲ್ಲಿ ಆಳದ ಬಂಡೆ ಸಿಡಿಯುತ್ತಿದ್ದ ಅನುಭವ ಭೂತಾಂತ್ರಿಕ ಎಂಜಿನಿಯರಿಂಗ್‌ನ ಇನ್ನೊಂದು ಕವಲಾದ ಶಿಲಾ ಯಂತ್ರವಿಜ್ಞಾನಕ್ಕೆ ನೆಲೆಯಾಯಿತು. ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ 1988ರಲ್ಲಿ ಅಲ್ಲಿಯೇ ಆರಂಭವಾಯಿತು.

ಮಹತ್ವ
ಎರೆಸೀಮೆಯ ಬಡವರ ಮನೆಗೆ ಈ ಸಂಶೋಧನೆಯ ಫಲ ಇನ್ನೂ ಪೂರ್ತಿ ತಲುಪಬೇಕಿದೆ. ಪಾಯ ತೋಡುವ ಮೊದಲು ಮಣ್ಣು ಪರೀಕ್ಷಿಸಿದರೆ ಮುಂದೆ ಗೋಡೆ ಬಿರಿಯುವುದನ್ನು ತಪ್ಪಿಸಬಹುದು.