ಮಾಸ್ಟರ್ಸ್ ಈಜು: ಕೂಟಗಳು ಮತ್ತು ತರಬೇತಿ

ಮಾಸ್ಟರ್ಸ್ ಈಜು ಎಂದರೆ 25 ವರ್ಷ ಮತ್ತು ಅದಕ್ಕೂ ಮೇಲ್ಪಟ್ಟವರಿಗಾಗಿ ಐದೈದು ವರ್ಷಗಳ ವಯೋವರ್ಗಗಳಲ್ಲಿ ನಡೆಯುವ ಸ್ಪರ್ಧಾತ್ಮಕ ಈಜು. ಹಿಂದೆ ಪದಕ ಗೆದ್ದವರೂ ನಲವತ್ತು ದಾಟಿದ ಮೇಲೆ ಈಜು ಕಲಿತವರೂ ಇದರಲ್ಲಿ ಒಂದೇ ಸ್ಪರ್ಧೆಯಲ್ಲಿ ನೀರಿಗಿಳಿಯುವುದುಂಟು. ಉದ್ಯೋಗ, ಬೇಸಾಯ, ಸಂಸಾರಗಳ ನಡುವೆ ಬಿಡುವು ಮಾಡಿಕೊಂಡು ಬರುವ ಇವರಿಗೆ ವರ್ಷದಲ್ಲಿ ಸಿಗುವ ಕೂಟಗಳು ಬೆರಳೆಣಿಕೆಯಷ್ಟು. ಹೀಗಾಗಿ ಈ ಕ್ರೀಡೆಯ ಲಯ ನಿರ್ಧಾರವಾಗುವುದು ಕೂಟಗಳ ಸಂಖ್ಯೆಯಿಂದಲ್ಲ, ವಾರದ ಅಭ್ಯಾಸ ಎಷ್ಟು ನಿಯಮಿತ ಎಂಬುದರಿಂದ.

ಇತಿಹಾಸ

ಅಮೆರಿಕದ ನೌಕಾಪಡೆಯ ವೈದ್ಯ ರ‍್ಯಾನ್ಸಮ್ ಆರ್ಥರ್, ಗುರಿಯಾಗಿ ಒಂದು ಕೂಟವಿದ್ದರೆ ವಯಸ್ಕರು ವ್ಯಾಯಾಮವನ್ನು ಬಿಡದೆ ಮುಂದುವರಿಸುತ್ತಾರೆ ಎಂದು ನಂಬಿದ್ದರು. ಆ ನಂಬಿಕೆಯ ಫಲವಾಗಿ ಅಮೆರಿಕದ ಮೊದಲ ರಾಷ್ಟ್ರೀಯ ಮಾಸ್ಟರ್ಸ್ ಕೂಟ 1970ರ ಮೇ ತಿಂಗಳಲ್ಲಿ ಟೆಕ್ಸಾಸ್‌ನ ಅಮರಿಲೊದಲ್ಲಿ ನಡೆಯಿತು. ಅಂತರರಾಷ್ಟ್ರೀಯ ಈಜು ಒಕ್ಕೂಟದ ಮೊದಲ ವಿಶ್ವ ಮಾಸ್ಟರ್ಸ್ ಚಾಂಪಿಯನ್‌ಷಿಪ್ 1986ರಲ್ಲಿ ಟೋಕಿಯೊದಲ್ಲಿ ನೆರವೇರಿತು. ಫಿನಾ ಎಂದೇ ಪರಿಚಿತವಾಗಿದ್ದ ಆ ಒಕ್ಕೂಟ ಈಗ ವರ್ಲ್ಡ್ ಅಕ್ವಾಟಿಕ್ಸ್ ಎಂಬ ಹೆಸರಿನಲ್ಲಿದೆ.

ವಯೋವರ್ಗ ಮತ್ತು ನಿಯಮಗಳು

ವರ್ಗಗಳು 25–29, 30–34, 35–39 ಎಂದು ಸಾಗಿ ನೂರರ ಆಚೆಗೂ ಮುಂದುವರಿಯುತ್ತವೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ, ಕೂಟ ನಡೆಯುವ ವರ್ಷದ ಡಿಸೆಂಬರ್ 31ಕ್ಕೆ ತುಂಬಿರುವ ವಯಸ್ಸೇ ಆ ಇಡೀ ವರ್ಷಕ್ಕೆ ಲೆಕ್ಕ. 2018ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯದ ಜಾರ್ಜ್ ಕೊರೋನ್ಸ್ 50 ಮೀಟರ್ ಫ್ರೀಸ್ಟೈಲನ್ನು 56.12 ಸೆಕೆಂಡುಗಳಲ್ಲಿ ಈಜಿದಾಗ ಅವರಿಗಿನ್ನೂ 99. ಅದೇ ವರ್ಷ ನೂರು ತುಂಬಲಿದ್ದುದರಿಂದ ದಾಖಲೆ 100–104ರ ವರ್ಗಕ್ಕೆ ಸೇರಿತು.

ಈ ಏರ್ಪಾಡಿನಿಂದ ಮಾಸ್ಟರ್ಸ್ ಈಜುಗಾರರ ಬದುಕಿಗೆ ಐದು ವರ್ಷಗಳ ಒಂದು ಚಕ್ರ ಸಿಗುತ್ತದೆ. 54ರ ವಯಸ್ಸಿನಲ್ಲಿ ತನ್ನ ವರ್ಗದ ಹಿರಿಯನಾಗಿ ಹಿಂದೆ ಬಿದ್ದವನು ಮರುವರ್ಷ 55–59ರ ವರ್ಗಕ್ಕೆ ಕಿರಿಯನಾಗಿ ಕಾಲಿಡುತ್ತಾನೆ. ಬೇರೆ ಕ್ರೀಡೆಗಳಲ್ಲಿ ಕಳವಳ ತರುವ ಹುಟ್ಟುಹಬ್ಬ ಇಲ್ಲಿ ಕಾದು ನೋಡುವ ಸಂಗತಿ. ಎಲ್ಲ ಕೂಟಗಳಿಗೂ ಹೋಗಲಾಗದವರು ವರ್ಗ ಬದಲಾಗುವ ವರ್ಷವನ್ನೇ ಆರಿಸಿಕೊಂಡು ಹೆಚ್ಚಿನ ತಯಾರಿ ನಡೆಸುವುದುಂಟು.

ರಿಲೇಯಲ್ಲಿ ನಾಲ್ವರ ವಯಸ್ಸನ್ನು ಕೂಡಿ ವರ್ಗ ನಿರ್ಧರಿಸುತ್ತಾರೆ. 58, 52, 47 ಮತ್ತು 43 ವರ್ಷದವರ ತಂಡದ ಮೊತ್ತ 200. ಆ ತಂಡ 200–239ರ ವರ್ಗದಲ್ಲಿ ಈಜುತ್ತದೆ. ಹೀಗಾಗಿ ರಿಲೇ ತಂಡದಲ್ಲಿ ಹಿರಿಯರೊಬ್ಬರು ಹೊರೆಯಲ್ಲ, ಬಲ.

ವಯಸ್ಸಿನ ದೇಹಕ್ಕೆ ಹೊಂದುವ ಕೆಲವು ಸಡಿಲಿಕೆಗಳೂ ಇವೆ. ಸ್ಟಾರ್ಟಿಂಗ್ ಬ್ಲಾಕ್‌ನಿಂದ ಧುಮುಕಲೇಬೇಕೆಂದಿಲ್ಲ. ಕೊಳದ ಅಂಚಿನಿಂದ ಧುಮುಕಬಹುದು, ನೀರಿನಲ್ಲೇ ನಿಂತು ಗೋಡೆ ಒದ್ದೂ ಹೊರಡಬಹುದು. ಬಟರ್‌ಫ್ಲೈಯಲ್ಲಿ ಬ್ರೆಸ್ಟ್‌ಸ್ಟ್ರೋಕ್‌ನ ಕಾಲೊದೆತಕ್ಕೆ ಅವಕಾಶವಿದೆ. ಹೀಟ್ಸ್ ಮತ್ತು ಫೈನಲ್ ಎಂಬ ಎರಡು ಸುತ್ತುಗಳಿರುವುದಿಲ್ಲ; ಒಮ್ಮೆ ಈಜಿದ ಸಮಯವೇ ಅಂತಿಮ.

ಕೂಟಗಳ ಆವರ್ತನ

ಭಾರತದಲ್ಲಿ ಭಾರತೀಯ ಈಜು ಒಕ್ಕೂಟ ರಾಷ್ಟ್ರೀಯ ಮಾಸ್ಟರ್ಸ್ ಚಾಂಪಿಯನ್‌ಷಿಪ್ ನಡೆಸುತ್ತದೆ. 2023ರ ನವೆಂಬರ್‌ನಲ್ಲಿ ಈ ಕೂಟದ ಆತಿಥ್ಯ ಮಂಗಳೂರಿಗೆ ಸಿಕ್ಕಿತು. ಸ್ಪರ್ಧೆಗಳು ಆಗಷ್ಟೇ ಸಜ್ಜಾಗಿದ್ದ ಎಮ್ಮೆಕೆರೆಯ ಈಜುಕೊಳದಲ್ಲಿ ನಡೆದವು. ರಾಜ್ಯಮಟ್ಟದಲ್ಲಿ ಈ ಕ್ರೀಡೆಯ ಹೊಣೆ ಕರ್ನಾಟಕ ಈಜು ಸಂಸ್ಥೆಯದು. ವರ್ಷಕ್ಕೆ ಒಂದು ರಾಜ್ಯ ಕೂಟ, ಒಂದು ರಾಷ್ಟ್ರೀಯ ಕೂಟ, ನಡುವೆ ಕ್ಲಬ್ಬಿನದೋ ಜಿಲ್ಲೆಯದೋ ಒಂದೆರಡು: ಸಕ್ರಿಯ ಸ್ಪರ್ಧಿಯೊಬ್ಬರ ಪಂಚಾಂಗ ಸಾಮಾನ್ಯವಾಗಿ ಇಷ್ಟರಲ್ಲೇ ಮುಗಿಯುತ್ತದೆ.

ವಿಶ್ವ ಮಾಸ್ಟರ್ಸ್ ಕೂಟ ಬಹುಕಾಲ ಎರಡು ವರ್ಷಗಳಿಗೊಮ್ಮೆ ನಡೆಯುತ್ತಿತ್ತು. 2015ರ ಕಜಾನ್ ಕೂಟದಿಂದ ಅದನ್ನು ಮುಖ್ಯ ವಿಶ್ವ ಚಾಂಪಿಯನ್‌ಷಿಪ್‌ನ ಜತೆಗೆ ಅದೇ ಊರಿನಲ್ಲಿ ನಡೆಸುವ ರೂಢಿ ಬಂತು. ಕೋವಿಡ್‌ನಿಂದ ಪಂಚಾಂಗ ಏರುಪೇರಾದ ಮೇಲೆ 2023ರಲ್ಲಿ ಜಪಾನ್, 2024ರಲ್ಲಿ ದೋಹಾ, 2025ರಲ್ಲಿ ಸಿಂಗಪುರ ಹೀಗೆ ಮೂರು ವರ್ಷ ಸತತವಾಗಿ ಕೂಟಗಳಾದವು.

ಕೂಟದ ಹೊರಗೆ ಕಡಲಿನಲ್ಲಿ ವೈಯಕ್ತಿಕ ಸಾಹಸಕ್ಕೆ ಇಳಿಯುವ ಹಿರಿಯರೂ ಇದ್ದಾರೆ. ಉಡುಪಿಯ ಗಂಗಾಧರ ಜಿ. ಕಡೆಕಾರ್ 2021ರ ಜನವರಿಯಲ್ಲಿ, ತಮ್ಮ 66ನೇ ವಯಸ್ಸಿನಲ್ಲಿ, ಪದ್ಮಾಸನ ಹಾಕಿ ಕಾಲಿಗೆ ಸರಪಳಿ ಬಿಗಿದುಕೊಂಡು ಪಡುಕೆರೆಯ ಸಮುದ್ರದಲ್ಲಿ 1,400 ಮೀಟರ್ ಈಜಿದರು.

ತರಬೇತಿ

ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆ: ಕೂಟಕ್ಕೆ ಹೋಗುವವರಲ್ಲಿ ಸಾಮಾನ್ಯವಾಗಿ ಕಾಣುವ ಪ್ರಮಾಣ ಇದು. ಪದಕದ ಮೇಲೆ ಕಣ್ಣಿಟ್ಟವರು ಇದನ್ನು ನಾಲ್ಕೈದು ದಿನಕ್ಕೆ ಏರಿಸುತ್ತಾರೆ. ವಾರಕ್ಕೊಮ್ಮೆ ಮಾತ್ರ ಈಜಿದರೆ ಉಸಿರು ಉಳಿದೀತು, ಆದರೆ ಅಂಗೈಗೆ ನೀರಿನ ಹಿಡಿತ ಸಿಗುವುದು ಕಷ್ಟ. ಒಂದೇ ದಿನ ಮೂರು ಗಂಟೆ ಈಜುವುದಕ್ಕಿಂತ ಮೂರು ದಿನಕ್ಕೆ ಹಂಚಿದ ಮೂರು ಗಂಟೆ ಹೆಚ್ಚು ಫಲ ಕೊಡುತ್ತದೆ. ಭುಜಕ್ಕೂ ಅದೇ ಕ್ಷೇಮ.

ಒಂದು ಗಂಟೆಯ ಮಾದರಿ ಅಭ್ಯಾಸ ಹೀಗಿರುತ್ತದೆ: 400 ಮೀಟರ್ ವಾರ್ಮ್‌ಅಪ್, 200 ಮೀಟರ್ ಡ್ರಿಲ್ (ತಂತ್ರದ ಅಭ್ಯಾಸ), 200 ಮೀಟರ್ ಬರೀ ಕಾಲೊದೆತ, ನಡುವೆ 15–20 ಸೆಕೆಂಡು ಸುಧಾರಿಸಿಕೊಳ್ಳುತ್ತ 100 ಮೀಟರಿನ ಹತ್ತು ಸುತ್ತು, 25 ಮೀಟರಿನ ನಾಲ್ಕು ವೇಗದ ಸುತ್ತು, ಕೊನೆಗೆ ನಿಧಾನವಾಗಿ 100 ಮೀಟರ್. ಒಟ್ಟು 2,000 ಮೀಟರ್. ಅಂದರೆ 25 ಮೀಟರ್ ಕೊಳದ 80 ಉದ್ದ. ಹೀಗೆ ಸೆಟ್‌ಗಳಾಗಿ ವಿಂಗಡಿಸಿಕೊಳ್ಳದೆ ಬ್ಯಾಚ್ ಮುಗಿಯುವವರೆಗೆ ಒಂದೇ ವೇಗದಲ್ಲಿ ಲ್ಯಾಪ್ ಹೊಡೆಯುವವರಿಗೆ ಆರೋಗ್ಯ ಲಾಭವಿದೆ, ಸ್ಪರ್ಧೆಯ ವೇಗ ಬರುವುದಿಲ್ಲ.

ಕೂಟದ ತಯಾರಿಗೆ ಎಂಟರಿಂದ ಹನ್ನೆರಡು ವಾರ ಬೇಕಾಗುತ್ತದೆ. ಮೊದಲು ದೂರ, ಆಮೇಲೆ ವೇಗ, ಕೊನೆಯ ಹತ್ತು ಹದಿನೈದು ದಿನ ಟೇಪರ್. ಟೇಪರ್‌ನಲ್ಲಿ ದೂರವನ್ನು ಅರ್ಧದಷ್ಟು ಇಳಿಸಿ ವೇಗದ ಸುತ್ತುಗಳನ್ನು ಹಾಗೆಯೇ ಉಳಿಸಿಕೊಳ್ಳುತ್ತಾರೆ. ಬಹಳ ಕಾಲದ ನಂತರ ಸ್ಪರ್ಧೆಗೆ ಇಳಿಯುವವರು ರಕ್ತದೊತ್ತಡ ಮತ್ತು ಹೃದಯದ ತಪಾಸಣೆ ಮಾಡಿಸಿಕೊಳ್ಳುವುದು ಒಳಿತು.

ಹಂಪಾಪುರದ ಸುತ್ತಿನಲ್ಲಿ

ಹಳ್ಳಿಗಾಡಿನಲ್ಲಿ ಇಂಥ ತರಬೇತಿ ಹೇಗೆ ಸಾಧ್ಯ ಎಂಬುದಕ್ಕೆ ಮೈಸೂರು ಜಿಲ್ಲೆಯ ಒಂದು ಭಾಗವನ್ನು ನೋಡಬಹುದು. ಎಚ್.ಡಿ. ಕೋಟೆ ತಾಲ್ಲೂಕಿನ ಹಂಪಾಪುರ ಮತ್ತು ಸುತ್ತಮುತ್ತಲಿನ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ತಾಲ್ಲೂಕುಗಳು ನೀರಿನ ಸೀಮೆ. ಕಬಿನಿ, ನುಗು, ತಾರಕ, ಹೆಬ್ಬಳ್ಳ, ಲಕ್ಷ್ಮಣತೀರ್ಥ, ಕಾವೇರಿ ಇವೆಲ್ಲ ಈ ಭಾಗದವು. ಇಲ್ಲಿನ ಹಿರಿಯರು ಈಜು ಕಲಿತದ್ದು ಬಾವಿ, ಕೆರೆ, ನಾಲೆಗಳಲ್ಲಿ. ಒಣಗಿದ ಸೋರೆ ಬುರುಡೆಯನ್ನೋ ಬೆಂಡನ್ನೋ ಬೆನ್ನಿಗೆ ಕಟ್ಟಿಕೊಂಡು. ಆ ಕಲಿಕೆ ಧೈರ್ಯವನ್ನೂ ದಮ್ಮನ್ನೂ ಕೊಡುತ್ತದೆ. ಕೂಟಕ್ಕೆ ಬೇಕಾದ ತಿರುವು, ಗೋಡೆ ಒದೆತ, ಮುಖ ನೀರಿನಲ್ಲಿಟ್ಟು ಪಕ್ಕಕ್ಕೆ ಉಸಿರೆಳೆಯುವ ಕ್ರಮಗಳನ್ನು ಮಾತ್ರ ಕೊಳದಲ್ಲೇ ಕಲಿಯಬೇಕು. ತಲೆ ಎತ್ತಿ ಈಜಿ ರೂಢಿಯಾದವರಿಗೆ ಸೊಂಟ ಮುಳುಗುವುದನ್ನು ತಿದ್ದಿಕೊಳ್ಳುವುದೇ ಮೊದಲ ಪಾಠ.

ನದಿಯಲ್ಲೇ ತರಬೇತಿ ಮುಂದುವರಿಸುವುದು ಸುರಕ್ಷಿತವಲ್ಲ. ಮಳೆಗಾಲದಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಹೊಳೆಯ ಸೆಳೆತ ಏರುತ್ತದೆ. ಕಬಿನಿ, ಕಾವೇರಿಗಳಲ್ಲಿ ಮೊಸಳೆಗಳೂ ಇವೆ. ಈ ಭಾಗದವರಿಗೆ ಹತ್ತಿರದ ನಗರ ಮೈಸೂರು. ಅಲ್ಲಿನ ಸರಸ್ವತಿಪುರಂನಲ್ಲಿರುವ ಮೈಸೂರು ವಿಶ್ವವಿದ್ಯಾನಿಲಯದ ಈಜುಕೊಳ ಹೆಸರಾದದ್ದು. ಹಾಲು ಕರೆದು ಡೇರಿಗೆ ಹಾಕಿ, ಬಸ್ಸು ಹಿಡಿದು ಹೋಗುವವರಿಗೆ ಬೆಳಗಿನ ಬ್ಯಾಚ್ ಸಿಗುವುದು ಕಷ್ಟ. ಅಂಥವರಿಗೆ ವಾರಕ್ಕೆರಡು ದಿನ ಕೊಳ, ಉಳಿದ ದಿನ ಭುಜ ಮತ್ತು ಸೊಂಟದ ವ್ಯಾಯಾಮ ಎಂಬ ಹೊಂದಾಣಿಕೆ ಕಾರ್ಯಸಾಧ್ಯ.

ವಯಸ್ಸು ಮತ್ತು ವೇಗ

ಅಮೆರಿಕದ ಮಾಸ್ಟರ್ಸ್ ಕೂಟಗಳ ಫಲಿತಾಂಶಗಳನ್ನು ತನಕಾ ಮತ್ತು ಸೀಲ್ಸ್ 1997ರಲ್ಲಿ ವಿಶ್ಲೇಷಿಸಿದರು. ದೂರದ ಈಜಿನಲ್ಲಿ ವೇಗ ನಡುವಯಸ್ಸಿನಿಂದ ಎಪ್ಪತ್ತರವರೆಗೆ ಒಂದೇ ಸಮನಾಗಿ ನಿಧಾನಕ್ಕೆ ಇಳಿಯುತ್ತದೆ, ಆಮೇಲೆ ಇಳಿತ ಚುರುಕಾಗುತ್ತದೆ ಎಂದು ಅವರು ಕಂಡುಕೊಂಡರು. ಆದರೂ ತಡವಾಗಿ ಶುರುಮಾಡಿದವರಿಗೆ ಮುಂದೆ ಸಾಗಲು ದಾರಿಯಿದೆ. ಎಂಬತ್ತರ ಆಸುಪಾಸಿನಲ್ಲಿ ಈಜು ಹಿಡಿದ ಜಪಾನಿನ ಮಿಯೆಕೊ ನಗಾವೊಕಾ 2015ರ ಏಪ್ರಿಲ್‌ನಲ್ಲಿ 1,500 ಮೀಟರ್ ಫ್ರೀಸ್ಟೈಲ್ ಪೂರೈಸಿದರು. ಆ ದೂರವನ್ನು ಕೂಟದಲ್ಲಿ ಈಜಿ ಮುಗಿಸಿದ ಮೊದಲ ಶತಾಯುಷಿ ಅವರು. ಅವರಿಗೆ ಹಿಡಿದದ್ದು 1 ಗಂಟೆ 15 ನಿಮಿಷ 54.39 ಸೆಕೆಂಡು.