ಅಕ್ಟೋಬರ್ 21 ಮತ್ತು ಒಬ್ಬ ಬಾಲಕನ ಪ್ರಶ್ನೆ



ಪ್ರತಿವರ್ಷ ಅಕ್ಟೋಬರ್ 21ರಂದು ಪೊಲೀಸ್ ಹುತಾತ್ಮರ ದಿನವನ್ನು ಆಚರಿಸಲಾಗುತ್ತದೆ. ಕೋಲಾರದಲ್ಲಿಯೂ ಅಂದು ಹುತಾತ್ಮರ ಹೆಸರುಗಳನ್ನು ಓದಿ ಗೌರವ ಸಲ್ಲಿಸುತ್ತಾರೆ. ಆ ದಿನ ಬಂದಾಗಲೆಲ್ಲ ನನಗೆ ಶ್ರೀನಿವಾಸಪುರ ತಾಲ್ಲೂಕಿನ ಶಾಲೆಯೊಂದರ ಎಂಟನೆಯ ತರಗತಿ ನೆನಪಾಗುತ್ತದೆ.

1992ರ ಆಗಸ್ಟ್ 14, ಶುಕ್ರವಾರ. ಮೈಸೂರು ಜಿಲ್ಲೆಯ ಎಸ್.ಪಿ. ಆಗಿದ್ದ ಟಿ. ಹರಿಕೃಷ್ಣ ಹಾಗೂ ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹ್ಮದ್ ಅವರನ್ನು ವೀರಪ್ಪನ್‌ನ ತಂಡವು ಸುಳ್ಳು ಸುಳಿವಿನಿಂದ ಸೆಳೆದು, ಮೀಣ್ಯಂ ಬಳಿಯ ಕಾಡುದಾರಿಯಲ್ಲಿ ಹೊಂಚುಹಾಕಿ ಕೊಂದಿತು. ಅವರೊಡನೆ ಇನ್ನೂ ನಾಲ್ವರು ಪೊಲೀಸರು ಪ್ರಾಣ ತೆತ್ತರು. ಅಂದು ಕೊಳ್ಳೇಗಾಲ ಸೀಮೆಯು ಮೈಸೂರು ಜಿಲ್ಲೆಗೇ ಸೇರಿತ್ತು. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. 1992ರ ಮೇ ತಿಂಗಳಲ್ಲಿ ರಾಮಾಪುರ ಠಾಣೆಯ ಮೇಲೆ ದಾಳಿಯಾಗಿ ಐವರು ಪೊಲೀಸರು ಹತರಾಗಿದ್ದರು.

ಸ್ವಾತಂತ್ರ್ಯೋತ್ಸವ ಕಳೆದ ಸೋಮವಾರ ನಾನು ತರಗತಿಯಲ್ಲಿ ಆ ಇಬ್ಬರು ಅಧಿಕಾರಿಗಳ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆದು ಅವರ ಸಾಹಸವನ್ನು ವಿವರಿಸಿದೆನು. ಹಿಂದಿನ ಬೆಂಚಿನಿಂದ ಒಬ್ಬ ಬಾಲಕ ಎದ್ದು ನಿಂತನು. ಅವನ ತಂದೆ ಮೀಸಲು ಪಡೆಯಲ್ಲಿ ಕಾನ್ಸ್‌ಟೇಬಲ್. "ಉಳಿದ ನಾಲ್ಕು ಜನ ಯಾರು ಸಾರ್?" ಎಂದನು. "ಅವರ ಜೊತೆಗಿದ್ದ ಸಿಬ್ಬಂದಿ ಕಣಪ್ಪಾ, ಕೂತುಕೋ" ಎಂದು ಹೇಳಿ ಪಾಠ ಮುಂದುವರಿಸಿದೆನು. ಬಾಲಕ ಕುಳಿತನು. ಅಂದು ಅವನು ಮತ್ತೆ ತಲೆ ಎತ್ತಲಿಲ್ಲ.

ಇತಿಹಾಸ ಬೋಧಿಸುವವನು ಮಾಡಬಾರದ ತಪ್ಪನ್ನು ನಾನು ಮಾಡಿದ್ದೆ. ಈ ದಿನಾಚರಣೆಯ ಮೂಲವನ್ನೇ ನೋಡಿರಿ. 1959ರ ಅಕ್ಟೋಬರ್ 21ರಂದು ಲಡಾಖ್‌ನ ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿ, ಕಾಣೆಯಾದ ಸಂಗಡಿಗರನ್ನು ಹುಡುಕಿಕೊಂಡು ಹೊರಟ ಪೊಲೀಸರ ಮೇಲೆ ಚೀನೀ ಸೈನಿಕರು ಗುಂಡು ಹಾರಿಸಿದರು. ಹತ್ತು ಮಂದಿ ಮಡಿದರು. ಅವರ ದೇಹಗಳು ಮರಳಿ ದೊರೆತದ್ದು ನವೆಂಬರ್ 13ರಂದು. ಅವರು ದೊಡ್ಡ ಹುದ್ದೆಯವರಲ್ಲ, ಗಸ್ತು ತಿರುಗುವ ಜವಾನರು. ಅಂಥವರ ನೆನಪಿಗಾಗಿಯೇ ಇಡೀ ದೇಶ ಒಂದು ದಿನವನ್ನು ಮೀಸಲಿಟ್ಟಿದೆ.

ವೀರಪ್ಪನ್ 2004ರ ಅಕ್ಟೋಬರ್ 18ರಂದು ಹತನಾದನು. ಅವನ ಮೇಲೆ ಪುಸ್ತಕಗಳು ಬಂದವು, ಚಲನಚಿತ್ರಗಳು ಬಂದವು. 1993ರ ಏಪ್ರಿಲ್ 9ರ ಪಾಲಾರ್ ಸ್ಫೋಟದಲ್ಲಿ ಸತ್ತ 22 ಮಂದಿಯಲ್ಲಿ ಒಬ್ಬರ ಹೆಸರನ್ನಾದರೂ ನಮ್ಮಲ್ಲಿ ಎಷ್ಟು ಜನ ಹೇಳಬಲ್ಲೆವು? ಕೊಂದವನ ಹೆಸರು ಮಕ್ಕಳ ಬಾಯಲ್ಲೂ ಇದೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ನನ್ನ ಬಳಿ ಕಲಿತ ಹಲವರು ಇಂದು ಖಾಕಿ ಧರಿಸಿದ್ದಾರೆ. ಅವರಲ್ಲಿ ಹೆಚ್ಚಿನವರು ಕಾನ್ಸ್‌ಟೇಬಲ್‌ಗಳೇ. ಪೊಲೀಸರ ಲೋಪಗಳನ್ನು ನಾನು ಬಲ್ಲೆ. ಅವನ್ನು ಮುಚ್ಚಿಡಬೇಕೆಂದು ಹೇಳುತ್ತಿಲ್ಲ. ಆದರೆ ರಾತ್ರಿ ಗಸ್ತಿಗೆ ಹೊರಟವನು ಬೆಳಗ್ಗೆ ಮನೆಗೆ ಬರುವನೆಂಬ ಖಾತರಿ ಅವನ ಮಡದಿ ಮಕ್ಕಳಿಗೆ ಇರುವುದಿಲ್ಲ ಎಂಬುದನ್ನು ಮರೆಯಬಾರದು.

ಕೆಲವು ವರ್ಷಗಳ ಹಿಂದೆ ಮಾಲೂರಿನ ಮದುವೆಯೊಂದರಲ್ಲಿ ಆ ಹಳೆಯ ವಿದ್ಯಾರ್ಥಿ ಸಿಕ್ಕಿ ಕಾಲಿಗೆರಗಿದನು. ತಂದೆ ಕ್ಷೇಮವಾಗಿ ನಿವೃತ್ತರಾಗಿದ್ದಾರೆ ಎಂದನು. ಅಂದಿನ ಪ್ರಶ್ನೆ ಅವನಿಗೆ ನೆನಪಿರಲಿಲ್ಲ. ನಾನು ಮರೆತಿಲ್ಲ. ಹುತಾತ್ಮರ ದಿನದಂದು ಅಧಿಕಾರಿಯ ಹೆಸರನ್ನೂ ಪೇದೆಯ ಹೆಸರನ್ನೂ ಒಂದೇ ಧ್ವನಿಯಲ್ಲಿ ಓದುತ್ತಾರೆ. ಆ ಪಟ್ಟಿ ಮುಗಿಯುವವರೆಗೂ ನಾನು ಎದ್ದು ನಿಂತೇ ಕೇಳುತ್ತೇನೆ.