ರಾಮನಗರದ ಮಣಿಸರ



ಮಲ್ಲತ್ತಹಳ್ಳಿಯಿಂದ ಜ್ಞಾನಭಾರತಿಯನ್ನು ಹಾದು ಮೈಸೂರು ರಸ್ತೆ ಸೇರಿ, ಕೆಂಗೇರಿ, ಬಿಡದಿ ದಾಟಿದರೆ ರಾಮನಗರ. ಸುಮಾರು 40 ಕಿಲೋಮೀಟರ್ ದಾರಿ. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಈ ಊರಿಗೆ ಕುಟುಂಬ ಯೋಜನೆಯ ಚರಿತ್ರೆಯಲ್ಲೂ ಒಂದು ಸ್ಥಾನವಿದೆ ಎಂಬುದು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಸ್ವಲ್ಪ ಹಿಂದಕ್ಕೆ ಹೋಗೋಣ. 1930ರಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಬೆಂಗಳೂರು ಮತ್ತು ಮೈಸೂರಿನಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಮೈಸೂರು ಸರ್ಕಾರ ಆಜ್ಞೆ ಹೊರಡಿಸಿತು. ಸರ್ಕಾರವೊಂದು ತಾನೇ ಇಂಥ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲೇ ಮೊದಲು ಎನ್ನುತ್ತಾರೆ. ಹೆಮ್ಮೆಯ ಮಾತೇ. ಆದರೆ ಆಗ ಹಳ್ಳಿಯೇ ಆಗಿದ್ದ ಮಲ್ಲತ್ತಹಳ್ಳಿಯಂಥ ಊರಿನ ಹೆಂಗಸು ಇದಕ್ಕೆಂದೇ ನಗರದ ಆಸ್ಪತ್ರೆಗೆ ಹೋಗುವುದುಂಟೆ? ಅತ್ತೆಗೆ ಏನೆಂದು ಹೇಳಿ, ಯಾರ ಜೊತೆಯಲ್ಲಿ?

ಸ್ವಾತಂತ್ರ್ಯದ ನಂತರ ಕೇಂದ್ರದ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ಅನುಯಾಯಿ. ಗರ್ಭನಿರೋಧಕ ಸಾಧನಗಳು ಅವರಿಗೆ ಒಪ್ಪಿಗೆಯಿರಲಿಲ್ಲ. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 'ಸುರಕ್ಷಿತ ದಿನ'ಗಳ ವಿಧಾನವನ್ನು ಪರೀಕ್ಷಿಸುವುದೆಂದಾಯಿತು. ಮುಟ್ಟಿನ ಚಕ್ರದಲ್ಲಿ ಗರ್ಭ ನಿಲ್ಲುವ ಸಂಭವವಿರುವ ದಿನಗಳಲ್ಲಿ ದಂಪತಿಗಳು ದೂರವಿರುವುದು, ಅಷ್ಟೇ. 1952ರಲ್ಲಿ ಪ್ರಯೋಗಕ್ಕೆ ಆರಿಸಿದ ಸ್ಥಳಗಳಲ್ಲಿ ಒಂದು ದೆಹಲಿಯ ಲೋದಿ ಕಾಲೋನಿ, ಇನ್ನೊಂದು ನಮ್ಮ ರಾಮನಗರ.

ಓದು ಬಾರದವರು ದಿನ ಎಣಿಸುವುದು ಹೇಗೆ? ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಇದಕ್ಕೊಂದು ಮಣಿಸರ ಮಾಡಿಸಿದರು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಬಂದರೆ ಭಯವಿಲ್ಲ, ಕೆಂಪು ಬಂದರೆ ಎಚ್ಚರ. ಉಪಾಯ ಚೆನ್ನಾಗಿಯೇ ಇತ್ತು. ಆದರೆ ದೀಪ ಆರಿದ ಮನೆಯಲ್ಲಿ ಹಸಿರು ಯಾವುದು, ಕೆಂಪು ಯಾವುದು? ಕೈಗೆ ಗುರುತು ಸಿಗಲೆಂದು ಮಣಿಗಳ ಆಕಾರ ಬದಲಿಸಿದರು. ಹಿಂದಕ್ಕೂ ಮುಂದಕ್ಕೂ ಸರಿಯುತ್ತಿದ್ದುದರಿಂದ ಒಂದೇ ಕಡೆಗೆ ಸರಿಯುವಂತೆ ಕೊಕ್ಕೆ ಹಾಕಿದರು. ಎಲ್ಲರ ಚಕ್ರವೂ ಒಂದೇ ಲೆಕ್ಕದಲ್ಲಿ ನಡೆಯುವುದಿಲ್ಲವಲ್ಲ, ಅದಕ್ಕೆ ಯಾವ ಕೊಕ್ಕೆ? ಕೊರಳಲ್ಲಿ ಹಾಕಿಕೊಂಡರೆ ಊರಿಗೆಲ್ಲ ಗುಟ್ಟು ತಿಳಿಯಿತು ಎಂಬ ನಾಚಿಕೆ ಬೇರೆ. ಕಲಿಯಲು ಒಪ್ಪಿದವರು ಬಹಳ, ಕಡೆಯವರೆಗೆ ಪಾಲಿಸಿದವರು ಕೆಲವರೇ.

ಮಣಿ ಸರಿಸಿದರೆ ಸಾಕು, ಮಂತ್ರದಂತೆ ಕೆಲಸ ಮಾಡುತ್ತದೆ ಎಂದು ಹೆಂಗಸರು ನಂಬಿದ್ದರಂತೆ ಎಂಬ ನಗೆಯ ಕಥೆ ಇಂದಿಗೂ ಓಡಾಡುತ್ತದೆ. ನನಗೆ ಆ ನಗು ಹಿಡಿಸುವುದಿಲ್ಲ. ಅದೇ ಕಾಲದಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನವನ್ನು ನೋಡಿ: ಮಕ್ಕಳು ಮಿತವಾಗಿರಲಿ ಎಂಬ ಆಸೆ ಅನೇಕರಲ್ಲಿತ್ತು, ದಾರಿ ತಿಳಿದವರು ಕಡಿಮೆ. ಕೊರತೆ ಬುದ್ಧಿಯದಲ್ಲ. ಕೆಂಪು ಮಣಿ ಬಂದ ರಾತ್ರಿ 'ಇಂದು ಬೇಡ' ಎನ್ನುವ ಅಧಿಕಾರ ಆಕೆಗಿತ್ತೇ ಎಂದು ಯಾರೂ ಮೊದಲು ಕೇಳಲಿಲ್ಲ.

ಮುಂದೆ 1965ರಲ್ಲಿ ವಂಕಿ ಬಂತು, 1968ರಲ್ಲಿ ನಿರೋಧ್. ತುರ್ತು ಪರಿಸ್ಥಿತಿಯ 1976-77ರಲ್ಲಿ ದೇಶದಲ್ಲಿ ಸುಮಾರು 80 ಲಕ್ಷ ಶಸ್ತ್ರಚಿಕಿತ್ಸೆಗಳಾದವು. ಬಹುಪಾಲು ಗಂಡಸರಿಗೆ, ಎಷ್ಟೋ ಕಡೆ ಬಲವಂತದಿಂದ. ಆ ಭಯದ ನಂತರ ಗಂಡಸರು ಹಿಂದೆ ಸರಿದರು, ಗುರಿಯ ಭಾರ ಹೆಂಗಸರ ಮೇಲೆ ಬಿತ್ತು. ಇಂತಿಷ್ಟು ಆಪರೇಷನ್ ಆಗಲೇಬೇಕೆಂಬ ಗುರಿಗಳನ್ನು ಸರ್ಕಾರ ಕೈಬಿಟ್ಟದ್ದು 1996ರಲ್ಲಿ.

2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪುಟಗಳಲ್ಲಿ ಕರ್ನಾಟಕವನ್ನು ಹುಡುಕಿ. 15ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ 100ಕ್ಕೆ ಸುಮಾರು 57 ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಅದರ ಕೆಳಗಿನ ಸಾಲು ಗಂಡಸರ ಶಸ್ತ್ರಚಿಕಿತ್ಸೆಯದು. ಅಲ್ಲಿರುವುದು ಹೆಚ್ಚು ಕಡಿಮೆ ಸೊನ್ನೆ.